ಎದೆಯುರಿಯ ಚರಿತ್ರೆ, ಗೊರಕೆಯ ಚರಿತ್ರೆ



ಮಧ್ಯಾಹ್ನಕ್ಕೆ ಬಿಸಿಬೇಳೆಬಾತು, ಆಮೇಲೆ ಎರಡೆರಡು ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಅದಾಗಿ ಅರ್ಧ ಗಂಟೆಗೆ ಪ್ರಧಾನ ಭಾಷಣ. ಸಂಘದವರು ಈ ಹೊತ್ತನ್ನೇ ನನಗೆ ಕೊಟ್ಟಿದ್ದಾರೆ. ಇನ್ನು ಹತ್ತು ನಿಮಿಷದಲ್ಲಿ ಈ ಸಭಾಂಗಣದಲ್ಲಿ ಒಬ್ಬರಿಗೆ ಹುಳಿತೇಗು ಬರುತ್ತದೆ, ಇನ್ನೊಬ್ಬರು ಗೊರಕೆ ಶುರು ಮಾಡುತ್ತಾರೆ. ಇಬ್ಬರೂ ನನ್ನ ವಿಷಯದೊಳಗೇ ಇರುವವರು, ಸಂಕೋಚ ಬೇಡ.

ನಾನು ವೈದ್ಯನಲ್ಲ. ಸಿಡ್ನಿಯ ಒಂದು ನಿದ್ರಾ ಪ್ರಯೋಗಾಲಯದಲ್ಲಿ ಇಪ್ಪತ್ತಮೂರು ವರ್ಷ ರಾತ್ರಿ ಪಾಳಿ ಮಾಡಿ ನಿವೃತ್ತನಾದ ಟೆಕ್ನಿಷಿಯನ್ನು. ಜನರ ತಲೆಗೆ, ಎದೆಗೆ, ಮೂಗಿಗೆ ತಂತಿ ಹಚ್ಚಿ ಮಲಗಿಸಿ, ಗಾಜಿನ ಆಚೆ ಕುಳಿತು ಅವರು ನಿದ್ದೆ ಮಾಡುವುದನ್ನು ಬೆಳಗಿನವರೆಗೂ ನೋಡುವುದು ನನ್ನ ಕೆಲಸವಾಗಿತ್ತು. ಹೀಗೆ ನಿದ್ದೆ ಮಾಡುವವರನ್ನು ಯಾರಾದರೂ ಎಚ್ಚರವಿದ್ದು ನೋಡಬೇಕು ಎಂಬುದು ವೈದ್ಯರಿಗೆ ಹೊಳೆದದ್ದು ಎಷ್ಟು ತಡವಾಗಿ ಎನ್ನುವುದೇ ಇವತ್ತು ನಾನು ಹೇಳಲಿರುವ ಚರಿತ್ರೆ.

ಮೊದಲು ಸ್ವಂತದ ಒಂದು ಮಾತು. 1994ರಲ್ಲಿ ನಾನು ಇಲ್ಲಿಗೆ ಬಂದಾಗ ಹ್ಯಾರಿಸ್ ಪಾರ್ಕಿನ ಒಂದು ಬಾಡಿಗೆ ಮನೆಯಲ್ಲಿ ಮೂವರು ಕನ್ನಡದ ಹುಡುಗರು ಒಂದೇ ಕೋಣೆಯಲ್ಲಿದ್ದೆವು. ನನಗೆ ಮೂರು ಹೊತ್ತೂ ಎದೆಯುರಿ. ಸೂಪರ್‌ಮಾರ್ಕೆಟ್ಟಿನಿಂದ ತಂದ, ಸೀಮೆಸುಣ್ಣದ ರುಚಿಯ ಮಾತ್ರೆಗಳನ್ನು ಕಡಲೆಬೀಜದ ಹಾಗೆ ಜಗಿಯುತ್ತಿದ್ದೆ. ಆಮೇಲೆ ಒಬ್ಬ ವೈದ್ಯರು ಆಸಿಡ್ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ನಾಲ್ಕು ವರ್ಷ ಅದನ್ನೇ ನುಂಗಿದೆ. ಉರಿ ಕಡಿಮೆಯಾಯಿತು, ಬೆಳಗಿನ ತಲೆನೋವು ಮಾತ್ರ ಹೋಗಲಿಲ್ಲ. ನಿದ್ದೆ ಹೇಗಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದವನು ಪಕ್ಕದ ಹಾಸಿಗೆಯ ತಿಪಟೂರಿನ ಗೆಳೆಯ. ಬ್ರೆಡ್ ಕಾರ್ಖಾನೆಯ ಪಾಳಿ ಮುಗಿಸಿ ನಡುರಾತ್ರಿ ಬರುತ್ತಿದ್ದ ಅವನು ಒಂದು ದಿನ, "ನೀನು ಗೊರಕೆ ಹೊಡೀತಾ ಹೊಡೀತಾ ಸತ್ತೇಹೋಗ್ತೀಯ ಕಣೋ, ಆಮೇಲೆ ಪಕ್ಕನೆ ಬದುಕ್ತೀಯ" ಅಂದ. ನಾವೆಲ್ಲ ನಕ್ಕುಬಿಟ್ಟೆವು. ಕುಂಭಕರ್ಣ ಎಂದು ಹೆಸರೂ ಇಟ್ಟರು.

1998ರಲ್ಲಿ ಪ್ರಯೋಗಾಲಯದ ಕೆಲಸಕ್ಕೆ ಸೇರಿದಾಗ, ತರಬೇತಿಯ ವಾರದಲ್ಲಿ ಹೊಸಬರ ಮೇಲೇ ತಂತಿ ಹಚ್ಚಿ ಪಾಠ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ನನ್ನ ದಾಖಲೆ ನೋಡಿದ ಹಿರಿಯ ಟೆಕ್ನಿಷಿಯನ್ ಪಾಠ ನಿಲ್ಲಿಸಿ, ಬಾಗಿಲು ಮುಚ್ಚಿ, ಕೂತ್ಕೋ ಅಂದರು. ತಿಪಟೂರಿನವನು ಹೇಳಿದ್ದೇ ಕಾಗದದ ಮೇಲೆ ಗೆರೆಯಾಗಿ ಮೂಡಿತ್ತು. ಎದೆ ಹೊಟ್ಟೆಗಳ ಗೆರೆ ಜೋರಾಗಿ ಅಲೆಯುತ್ತಿದೆ, ಮೂಗಿನ ಗಾಳಿಯ ಗೆರೆ ಮಾತ್ರ ಇಪ್ಪತ್ತು ಇಪ್ಪತ್ತೈದು ಸೆಕೆಂಡು ಚಪ್ಪಟೆ. ಉಸಿರಾಡಲು ಮೈ ಹೆಣಗುತ್ತಿದೆ, ಗಂಟಲು ಮುಚ್ಚಿಕೊಂಡಿದೆ. ಇದಕ್ಕೇ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಎನ್ನುವುದು.

ಎದೆಯುರಿಯನ್ನು ರೋಗಿ ತಾನೇ ಬಂದು ಹೇಳುತ್ತಾನೆ. ಉಸಿರು ನಿಲ್ಲುವುದನ್ನು ಪಕ್ಕದಲ್ಲಿ ಮಲಗಿದವರು ಹೇಳಬೇಕು. ಒಂದು ಕಾಯಿಲೆಗೆ ಬಾಯಿ ಇದೆ, ಇನ್ನೊಂದಕ್ಕೆ ಸಾಕ್ಷಿ ಬೇಕು. ಹೀಗಾಗಿ ಮೊದಲನೆಯದರ ಚರಿತ್ರೆ ಬಹಳ ಹಳೆಯದು. ಎರಡನೆಯದರದು ನಮ್ಮಲ್ಲಿ ಅನೇಕರ ವಯಸ್ಸಿನಷ್ಟೇ.

ಹಳೆಯದನ್ನು ಬೇಗ ನೋಡಿಬಿಡೋಣ. ಸುಮಾರು 7-8ನೇ ಶತಮಾನದ ಮಾಧವನಿದಾನದಲ್ಲಿ ಅಮ್ಲಪಿತ್ತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಊಟ ಅರಗದಿರುವುದು, ಹುಳಿ ಕಹಿ ತೇಗು, ಎದೆ ಮತ್ತು ಗಂಟಲಲ್ಲಿ ಉರಿ, ಬಾಯಿಗೆ ರುಚಿಯಿಲ್ಲದಿರುವುದು ಎಂದು ಲಕ್ಷಣಗಳನ್ನು ಪಟ್ಟಿ ಮಾಡಿ, ಮೇಲಕ್ಕೆ ಏರುವುದು ಒಂದು ಬಗೆ, ಕೆಳಕ್ಕೆ ಇಳಿಯುವುದು ಇನ್ನೊಂದು ಬಗೆ ಎಂದು ವಿಂಗಡಿಸಿದ್ದಾರೆ. ನಮ್ಮ ಅಜ್ಜಿಯರ ಜೀರಿಗೆ ಕಷಾಯಕ್ಕೂ ಮಜ್ಜಿಗೆಗೂ ಹಿಂದೆ ಇಷ್ಟು ದೊಡ್ಡ ಪರಂಪರೆಯಿದೆ. ಆದರೆ ಹೊಟ್ಟೆಯ ಆಸಿಡ್ ಅನ್ನನಾಳವನ್ನು ಸುಟ್ಟು ಹುಣ್ಣು ಮಾಡುತ್ತದೆ ಎಂದು ಆಧುನಿಕ ವೈದ್ಯಶಾಸ್ತ್ರ ಬರೆದುಕೊಂಡದ್ದು 1935ರಲ್ಲಿ. ಬರೆದವರು ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಆಶರ್ ವಿಂಕೆಲ್‌ಸ್ಟೈನ್. ಮುಂದಿನ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಶಸ್ತ್ರವೈದ್ಯ ಫಿಲಿಪ್ ಆಲಿಸನ್ ಇದಕ್ಕೆ ರಿಫ್ಲಕ್ಸ್ ಎಂಬ ಮಾತನ್ನು ಜೋಡಿಸಿದರು. ವಪೆಯ ತೂತಿನ ಮೂಲಕ ಹೊಟ್ಟೆಯ ತುದಿ ಮೇಲಕ್ಕೆ ಜಾರುವ ಹರ್ನಿಯಾವೇ ಎಲ್ಲಕ್ಕೂ ಕಾರಣ, ಹೊಲಿದು ಸರಿಮಾಡಿದರಾಯಿತು ಎಂಬ ನಂಬಿಕೆ ಅಲ್ಲಿಂದ ಬಹುಕಾಲ ನಡೆಯಿತು.

ನಮ್ಮ ಕಥೆಗೆ ಮುಖ್ಯವಾದ ವರ್ಷ 1974. ಅಮೆರಿಕದ ಲಾರೆನ್ಸ್ ಜಾನ್ಸನ್ ಮತ್ತು ಟಾಮ್ ಡಿಮೀಸ್ಟರ್ ಎಂಬಿಬ್ಬರು ವೈದ್ಯರು ಮೂಗಿನ ಮೂಲಕ ಅನ್ನನಾಳಕ್ಕೆ ತೆಳ್ಳಗಿನ ತಂತಿ ಇಳಿಸಿ, ಇಪ್ಪತ್ತನಾಲ್ಕು ಗಂಟೆ ಅಲ್ಲಿಯ ಹುಳಿಯನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಪಿಎಚ್ 4ಕ್ಕಿಂತ ಕೆಳಗಿಳಿದರೆ ಆಸಿಡ್ ಮೇಲೆ ಬಂದಿದೆ ಎಂದು ಲೆಕ್ಕ. ಇಪ್ಪತ್ತನಾಲ್ಕು ಗಂಟೆ ಎಂದರೆ ಅದರಲ್ಲಿ ರಾತ್ರಿಯೂ ಸೇರಿತಲ್ಲ! ಹಗಲಿನಲ್ಲಿ, ಅದರಲ್ಲೂ ಊಟದ ನಂತರ, ಆಸಿಡ್ ಹಲವು ಸಲ ಬಂದು ಬೇಗ ಇಳಿದುಹೋಗುತ್ತದೆ. ರಾತ್ರಿ ಬರುವುದು ಕಡಿಮೆ, ಆದರೆ ಬಂದರೆ ಬೇಗ ಹೋಗುವುದಿಲ್ಲ. ಕಾರಣ ಬಹಳ ಸರಳ. ಎಚ್ಚರವಿದ್ದಾಗ ನಾವು ನಿಮಿಷಕ್ಕೊಮ್ಮೆಯಾದರೂ ಜೊಲ್ಲು ನುಂಗುತ್ತಿರುತ್ತೇವೆ. ಜೊಲ್ಲು ಆಸಿಡ್‌ನ ಹುಳಿಯನ್ನು ತೊಳೆಯುತ್ತದೆ, ಕೂತಿದ್ದರೆ ಭೂಮಿಯ ಸೆಳೆತವೂ ಸಹಾಯಕ್ಕಿದೆ. ಗಾಢನಿದ್ದೆಯಲ್ಲಿ ಜೊಲ್ಲು ಸುರಿಯುವುದೂ ನುಂಗುವುದೂ ಹೆಚ್ಚುಕಡಿಮೆ ನಿಂತೇಹೋಗುತ್ತವೆ. ಒಕ್ಲಹೋಮಾದ ವಿಲಿಯಂ ಓರ್ ಇದನ್ನು ನೇರವಾಗಿಯೇ ಪರೀಕ್ಷಿಸಿದರು. ಮಲಗಿದವರ ಅನ್ನನಾಳಕ್ಕೆ ತೊಟ್ಟು ಆಸಿಡ್ ಬಿಟ್ಟು, ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಅಳೆದರು. ತೊಳೆದುಹೋಗಬೇಕಾದರೆ ಮನುಷ್ಯ ಒಂದು ಕ್ಷಣವಾದರೂ ಎಚ್ಚರಗೊಳ್ಳಬೇಕು. ಅಂದರೆ ಆಸಿಡ್ಡೇ ನಿದ್ದೆಯನ್ನು ಮುರಿಯುತ್ತದೆ, ಮುರಿಯದಿದ್ದರೆ ಅದು ಅಲ್ಲೇ ನಿಂತು ಸುಡುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಹೊಟ್ಟೆಯ ವೈದ್ಯರು ಹೀಗೆ ರಾತ್ರಿಯೊಳಕ್ಕೆ ಕಾಲಿಟ್ಟ ಹೊತ್ತಿಗೆ, ಇನ್ನೊಂದು ಗುಂಪು ಆಗಲೇ ಅಲ್ಲಿಗೆ ಬಂದಾಗಿತ್ತು. ಅವರು ಬಂದ ದಾರಿ ಬೇರೆ.

ಅದರ ಮೊದಲ ಕುರುಹು ಹಳೆಯ ಗ್ರೀಕರಲ್ಲಿದೆ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕಪ್ಪು ಸಮುದ್ರದ ದಡದ ಹೆರಾಕ್ಲಿಯಾವನ್ನು ಆಳಿದ ಡಯೊನೀಸಿಯಸ್ ಎಷ್ಟು ದಪ್ಪಗಿದ್ದನೆಂದರೆ, ನಿದ್ದೆಯಲ್ಲಿ ಉಸಿರು ಕಟ್ಟಿಹೋದೀತೆಂದು ಅವನಿಗೇ ಭಯ. ಗಾಢನಿದ್ದೆಗೆ ಜಾರಿದಾಗಲೆಲ್ಲ ಉದ್ದನೆಯ ತೆಳು ಸೂಜಿಗಳಿಂದ ಪಕ್ಕೆಗೆ ಚುಚ್ಚಿ ಎಬ್ಬಿಸಿ ಎಂದು ವೈದ್ಯರು ಹೇಳಿದ್ದರಂತೆ. ಕೊಬ್ಬು ದಾಟಿ ಸೂಜಿ ಒಳಗೆ ಮುಟ್ಟಿದಾಗಲೇ ಎಚ್ಚರ. ಇದನ್ನು ಬರೆದಿಟ್ಟವರು ಅಥೀನಿಯಸ್ ಮತ್ತು ಏಲಿಯನ್. ಕೇಳಲು ಕ್ರೂರವಾಗಿದೆ, ಆದರೆ ರಾಜನ ಪಕ್ಕದಲ್ಲಿ ರಾತ್ರಿಯಿಡೀ ಒಬ್ಬ ಎಚ್ಚರವಿರುತ್ತಿದ್ದ ಎನ್ನುವುದನ್ನು ಗಮನಿಸಿ. ಆ ಸೌಭಾಗ್ಯ ಮತ್ತೆ ಯಾವ ರೋಗಿಗೂ ಎರಡು ಸಾವಿರ ವರ್ಷ ಸಿಗಲಿಲ್ಲ!

1836-37ರಲ್ಲಿ ಡಿಕನ್ಸ್ ತನ್ನ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯಲ್ಲಿ ಜೋ ಎಂಬ ದಪ್ಪ ಹುಡುಗನನ್ನು ತಂದ. ನಿಂತಲ್ಲೇ ನಿದ್ದೆ, ಗೊರಕೆ, ಎದ್ದರೆ ಊಟ. ಓದಿದವರು ನಕ್ಕರು. ವೈದ್ಯರೂ ನಕ್ಕರು. ಸುಮಾರು ನೂರಿಪ್ಪತ್ತು ವರ್ಷದ ನಂತರ, 1956ರಲ್ಲಿ, ಬಾಸ್ಟನ್ನಿನ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ರೋಗಿಯ ಬಗ್ಗೆ ಬರೆದು, ಆ ಸ್ಥಿತಿಗೆ ಪಿಕ್‌ವಿಕ್ ಹೆಸರನ್ನೇ ಇಟ್ಟರು. ಆ ಮನುಷ್ಯ ದೊಡ್ಡ ಹುದ್ದೆಯಲ್ಲಿದ್ದವನು, ತೀರ ದಪ್ಪ. ಹಗಲಿನ ತೂಕಡಿಕೆಯನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದ. ಆಸ್ಪತ್ರೆಗೆ ಬಂದದ್ದು ಇಸ್ಪೀಟಿನಿಂದ. ಪೋಕರ್ ಆಡುತ್ತಿದ್ದಾಗ ಅವನ ಕೈಗೆ ಮೂರು ಎಕ್ಕ, ಎರಡು ರಾಜ ಬಂದವು. ಅಷ್ಟು ಒಳ್ಳೆಯ ಎಲೆ ಕೈಯಲ್ಲಿಟ್ಟುಕೊಂಡು ಪಂದ್ಯ ಕಟ್ಟದೆ ಅಲ್ಲೇ ನಿದ್ದೆಹೋಗಿದ್ದ. ಕೆಲಸದಲ್ಲಿ ತೂಕಡಿಸಿದ್ದು ಲೆಕ್ಕಕ್ಕೆ ಬರಲಿಲ್ಲ, ಆಟದಲ್ಲಿ ತೂಕಡಿಸಿದ್ದು ಬಂತು. ಮನುಷ್ಯ ಯಾವ ನಷ್ಟಕ್ಕೆ ವೈದ್ಯರ ಬಳಿ ಹೋಗುತ್ತಾನೆ ಎಂಬುದು ಯಾವಾಗಲೂ ವಿಚಿತ್ರವೇ.

ಬರ್ವೆಲ್ ತಂಡ ಒಳ್ಳೆಯ ವೈದ್ಯರದು, ಆದರೆ ಕಾರಣ ಹುಡುಕುವಾಗ ಎಡವಿದರು. ಮೈಯ ಭಾರದಿಂದ ಉಸಿರಾಟ ಕುಗ್ಗಿ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚುತ್ತದೆ, ಅದೇ ಮಂಪರು ತರುತ್ತದೆ ಎಂದರು. ರಾತ್ರಿಯ ನಿದ್ದೆಯೇ ನೂರಾರು ತುಂಡಾಗುತ್ತಿದೆ ಎಂಬುದು ಬೆಳಕಿಗೆ ಬಂದದ್ದು 1965ರಲ್ಲಿ. ಒಂದೇ ವರ್ಷ, ಎರಡು ಊರು. ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ಟೋ ತಂಡ, ಜರ್ಮನಿಯ ಫ್ರೈಬುರ್ಗ್‌ನಲ್ಲಿ ಯುಂಗ್ ಮತ್ತು ಕೂಲೋ. ಇವರು ಎದೆಯ ವೈದ್ಯರೂ ಅಲ್ಲ, ಮೂಗು ಗಂಟಲಿನವರೂ ಅಲ್ಲ, ಮೆದುಳಿನ ವಿದ್ಯುತ್ತನ್ನು ದಾಖಲಿಸುವವರು. ಇಂಥ ರೋಗಿಗಳ ನಿದ್ದೆಯನ್ನು ದಾಖಲಿಸುತ್ತ, ಉಸಿರನ್ನೂ ಜೊತೆಗೇ ಅಳೆದರು. ಹಾಗೆ ಅಳೆದದ್ದರಿಂದಲೇ ಕಂಡಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ತಿಯಾನ್ ಗಿಯೆಮಿನೊ ಮತ್ತು ಸಂಗಡಿಗರು 1976ರಲ್ಲಿ ಸ್ಲೀಪ್ ಆಪ್ನಿಯಾ ಸಿಂಡ್ರೋಮ್ ಎಂಬ ಹೆಸರನ್ನು ನೆಲೆಗೊಳಿಸಿದರು. ದಪ್ಪಗಿಲ್ಲದವರಿಗೂ ಬರುತ್ತದೆ ಎಂದೂ ತೋರಿಸಿದರು.

ಆ ಕಾಲಕ್ಕೆ ಇದ್ದ ನಿಜವಾದ ಚಿಕಿತ್ಸೆ ಒಂದೇ: ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ತೂತು ಮಾಡುವುದು. ಆ ಬಾಧೆ ತಪ್ಪಿದ್ದು ನಾವಿರುವ ಈ ಊರಿನಲ್ಲೇ. ಸಿಡ್ನಿ ವಿಶ್ವವಿದ್ಯಾಲಯದ ಕಾಲಿನ್ ಸಲಿವನ್ 1980ರ ಜೂನ್ ತಿಂಗಳಲ್ಲಿ, ಕತ್ತಿಗೆ ತೂತು ಮಾಡಿಸಿಕೊಳ್ಳಬೇಕಾಗಿದ್ದ ಒಬ್ಬ ರೋಗಿಯನ್ನು ಒಂದು ರಾತ್ರಿಯ ಪ್ರಯೋಗಕ್ಕೆ ಒಪ್ಪಿಸಿದರು. ಗಾಳಿ ಊದುವ ಮೋಟಾರು, ಕೊಳವೆ, ಮೂಗಿಗೆ ಮುಖವಾಡ, ಅಷ್ಟೇ. ಗಾಳಿಯ ಒತ್ತಡ ಏರಿಸಿದರೆ ಗಂಟಲು ತೆರೆಯಿತು, ಮನುಷ್ಯ ಸದ್ದಿಲ್ಲದೆ ಮಲಗಿದ. ಇಳಿಸಿದರೆ ಉಸಿರು ಮತ್ತೆ ನಿಂತಿತು. ಐದು ರೋಗಿಗಳ ವರದಿ 1981ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಇವತ್ತು ನಮ್ಮಲ್ಲಿ ಹಲವರ ಮಂಚದ ಪಕ್ಕದಲ್ಲಿರುವ ಸಿಪ್ಯಾಪ್ ಯಂತ್ರದ ಹುಟ್ಟು ಇದು. 1993ರಲ್ಲಿ ವಿಸ್ಕಾನ್ಸಿನ್‌ನ ಟೆರಿ ಯಂಗ್ ತಂಡ ನಡುವಯಸ್ಸಿನ 602 ಸರ್ಕಾರಿ ನೌಕರರನ್ನು ಮಲಗಿಸಿ ನೋಡಿತು. ಗಂಟೆಗೆ ಐದು ಸಲವಾದರೂ ಉಸಿರು ನಿಲ್ಲುವ ಅಥವಾ ಕುಗ್ಗುವ ಗಂಡಸರು ನೂರಕ್ಕೆ 24, ಹೆಂಗಸರು 9. ಡಿಕನ್ಸನ ಹಾಸ್ಯದ ಪಾತ್ರ ಪ್ರತಿ ಕಚೇರಿಯಲ್ಲೂ ಕೂತಿತ್ತು. ಮುಂಬಯಿಯಲ್ಲಿ ಉದ್ವಾಡಿಯಾ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 35ರಿಂದ 65 ವಯಸ್ಸಿನ ಗಂಡಸರಲ್ಲಿ ಹೀಗೆ ಉಸಿರು ಕೆಡುವವರು ನೂರಕ್ಕೆ 19.5, ಹಗಲಿನ ತೂಕಡಿಕೆಯೂ ಸೇರಿದವರು 7.5 ಎಂಬ ಅಂದಾಜು ಸಿಕ್ಕಿತು. ಇದು ಬಿಳಿಯರ ಕಾಯಿಲೆ ಎನ್ನುವವರಿಗೆ ನಾನು ಈ ಅಂಕಿಯನ್ನೇ ಹೇಳುತ್ತಿದ್ದೆ.

ಇನ್ನು ಎರಡು ದಾರಿಗಳು ಕೂಡಿದ ಜಾಗಕ್ಕೆ ಬರೋಣ. ಗಂಟಲು ಮುಚ್ಚಿದ್ದಾಗ ಮನುಷ್ಯ ಉಸಿರೆಳೆಯಲು ಹೆಣಗುತ್ತಾನಲ್ಲ, ಆಗ ಎದೆಗೂಡಿನೊಳಗೆ ಒತ್ತಡ ಬಹಳ ಕೆಳಗಿಳಿಯುತ್ತದೆ. ಬಾಟಲಿಗೆ ಬಾಯಿಟ್ಟು ಗಾಳಿ ಎಳೆದ ಹಾಗೆ. ಅನ್ನನಾಳ ಇರುವುದು ಆ ಗೂಡಿನೊಳಗೆ, ಹೊಟ್ಟೆ ಇರುವುದು ಹೊರಗೆ. ಹಾಗಾದರೆ ಪ್ರತಿ ಹೆಣಗಾಟವೂ ಆಸಿಡ್ಡನ್ನು ಮೇಲಕ್ಕೆ ಹೀರಬೇಕಲ್ಲವೇ? ಎಂಥವರಿಗೂ ಒಪ್ಪಿಗೆಯಾಗುವ ತರ್ಕ. ಕೆನಡಾದ ವಿನಿಪೆಗ್‌ನಲ್ಲಿ ಮೀರ್ ಕ್ರೈಗರ್ ಇದ್ದ ತಂಡ ಆಪ್ನಿಯಾ ರೋಗಿಗಳ ಅನ್ನನಾಳಕ್ಕೆ ಪಿಎಚ್ ತಂತಿ ಇಳಿಸಿ, ಸಿಪ್ಯಾಪ್ ಹಾಕಿ ನೋಡಿತು. ರಾತ್ರಿಯ ಆಸಿಡ್ ಗಣನೀಯವಾಗಿ ಇಳಿಯಿತು. ವರದಿ ಬಂದದ್ದು 1992ರಲ್ಲಿ. ಈ ಕ್ರೈಗರ್ ಅವರೇ 1983ರಲ್ಲಿ ಡಯೊನೀಸಿಯಸ್‌ನ ಸೂಜಿಗಳ ಬಗ್ಗೆ ಲೇಖನ ಬರೆದವರು ಕೂಡ. ಚರಿತ್ರೆ ಓದುವ ವೈದ್ಯರನ್ನು ಕಂಡರೆ ನನಗೆ ಸ್ವಲ್ಪ ಹೆಚ್ಚಿನ ಪ್ರೀತಿ.

ಸಿಪ್ಯಾಪ್ ಹಾಕಿದರೆ ಉಸಿರೂ ಸರಿಯಾಯಿತು, ಆಸಿಡ್ಡೂ ಇಳಿಯಿತು, ಆದ್ದರಿಂದ ಉಸಿರು ನಿಲ್ಲುವುದೇ ಆಸಿಡ್ಡಿಗೆ ಕಾರಣ. ಅಷ್ಟಕ್ಕೆ ಕಥೆ ಮುಗಿಸಿಬಿಡಬಹುದಿತ್ತು. ಅವರು ಮುಗಿಸಲಿಲ್ಲ. ಆಪ್ನಿಯಾ ಇಲ್ಲದ, ರಾತ್ರಿ ಆಸಿಡ್ ಮಾತ್ರ ಇರುವವರಿಗೂ ಸಿಪ್ಯಾಪ್ ಹಾಕಿ ನೋಡಿದರು. ಅವರಲ್ಲೂ ಆಸಿಡ್ ಇಳಿಯಿತು! 1993ರ ಈ ಎರಡನೆಯ ವರದಿಯನ್ನು ನಾನು ಮೊದಲನೆಯದಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಊದಿದ ಗಾಳಿಯ ಒತ್ತಡ ತಾನೇ ಅನ್ನನಾಳವನ್ನು ಕಾಯುತ್ತದೆ ಎಂದ ಮೇಲೆ, ಸಿಪ್ಯಾಪ್‌ನಿಂದ ಎದೆಯುರಿ ಹೋಯಿತು ಎಂಬುದರಿಂದ ಯಾವುದಕ್ಕೆ ಯಾವುದು ಕಾರಣ ಎಂದು ಹೇಳಲಾಗುವುದಿಲ್ಲ. ತಮ್ಮದೇ ಸುಂದರ ತೀರ್ಮಾನದ ಕೆಳಗಿನ ಮಣೆಯನ್ನು ತಾವೇ ಎಳೆದುಕೊಳ್ಳುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಆಮೇಲಿನವರು ಅದನ್ನೇ ಮುಂದುವರಿಸಿದರು. 2000ದಲ್ಲಿ ಸಿಡ್ನಿಯ ಒಂದು ತಂಡ, ಆಪ್ನಿಯಾ ಇರುವವರಲ್ಲಿ ಆಸಿಡ್ ಮೇಲೆ ಬರುವುದು ಹೆಚ್ಚು ಹೌದು, ಆದರೆ ಉಸಿರು ನಿಲ್ಲುವ ಗಳಿಗೆಗೂ ಆಸಿಡ್ ಏರುವ ಗಳಿಗೆಗೂ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದಿತು. 2003ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ 331 ಆಪ್ನಿಯಾ ರೋಗಿಗಳನ್ನು ಕೇಳಿದಾಗ, ನೂರಕ್ಕೆ 62 ಮಂದಿಗೆ ರಾತ್ರಿಯ ಎದೆಯುರಿ ಇತ್ತು. ಸಿಪ್ಯಾಪ್ ಬಿಡದೆ ಬಳಸಿದವರಲ್ಲಿ ಅದರ ತೀವ್ರತೆ ಸುಮಾರು ಅರ್ಧಕ್ಕೆ ಇಳಿಯಿತು, ಬಳಸದವರಲ್ಲಿ ಇಳಿಯಲಿಲ್ಲ. 2010ರಲ್ಲಿ ಮಿಲ್ವಾಕಿಯ ಸಂಶೋಧಕರು ಹೀರುವಿಕೆಯ ತರ್ಕವನ್ನೇ ಅಳೆದು ನೋಡಿದರು. ಉಸಿರು ಕಟ್ಟಿದಾಗ ಎದೆಯೊಳಗಿನ ಒತ್ತಡ ಇಳಿಯುತ್ತದೆ ನಿಜ, ಆದರೆ ಅದೇ ಹೊತ್ತಿಗೆ ಅನ್ನನಾಳದ ಎರಡೂ ತುದಿಯ ಸ್ನಾಯುಗಳು ಇನ್ನಷ್ಟು ಬಿಗಿಯಾಗುತ್ತವೆ. ದೇಹ ಬಾಗಿಲು ಹಾಕಿಕೊಳ್ಳುತ್ತದೆ. ಹಾಗಾದರೆ ಆಸಿಡ್ ಬರುವುದು ಎಲ್ಲಿಂದ? ಅದರ ಉತ್ತರ 1980ರ ದಶಕದ ಆರಂಭದಲ್ಲೇ ಆಸ್ಟ್ರೇಲಿಯಾದ ಜಾನ್ ಡೆಂಟ್ ಮತ್ತು ಅಮೆರಿಕದ ವೈಲೀ ಡಾಡ್ಸ್ ತಂಡದಲ್ಲಿತ್ತು. ಕೆಳಗಿನ ಸ್ನಾಯು ಆಗಾಗ ಯಾವ ಕಾರಣವೂ ಕಾಣದೆ ಕೆಲವು ಸೆಕೆಂಡು ತಾನೇ ಸಡಿಲಗೊಳ್ಳುತ್ತದೆ, ಆಸಿಡ್ ಹೆಚ್ಚಾಗಿ ಆಗಲೇ ಏರುವುದು. ಇದು ಗಾಢನಿದ್ದೆಯಲ್ಲಿ ಆಗುವುದು ಅಪರೂಪ, ಎಚ್ಚರದ ಅಂಚಿನಲ್ಲಿ ಹೆಚ್ಚು. ಆಪ್ನಿಯಾ ಮನುಷ್ಯನನ್ನು ರಾತ್ರಿಯಿಡೀ ಅದೇ ಅಂಚಿಗೆ ತಂದು ನಿಲ್ಲಿಸುತ್ತಿರುತ್ತದೆ. ಮೇಲಾಗಿ ಎರಡಕ್ಕೂ ಆಗಿಬರುವ ನೆಲ ಒಂದೇ: ಹೊಟ್ಟೆಯ ಬೊಜ್ಜು, ತಡರಾತ್ರಿಯ ಊಟ, ಮದ್ಯ. ತಿರುಗಿ, ಆಸಿಡ್ ಗಂಟಲಿನವರೆಗೆ ಬಂದರೆ ಅಲ್ಲಿ ಊತ ಮಾಡಿ ದಾರಿಯನ್ನು ಕಿರಿದಾಗಿಸುತ್ತದೆ ಎಂಬ ವಾದವೂ ಇದೆ. ಆಸಿಡ್ ಮಾತ್ರೆ ಕೊಟ್ಟು ಆಪ್ನಿಯಾ ಇಳಿಯುತ್ತದೆಯೇ ಎಂದು ನೋಡಿದ ಅಧ್ಯಯನಗಳು ಚಿಕ್ಕವು. ಸಿಕ್ಕ ಉತ್ತರಗಳೂ ಒಂದೇ ಬಗೆಯವಲ್ಲ. ಯಾವುದು ಮೊದಲು ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ.

ಹಾಗಾದರೆ ಇದನ್ನೆಲ್ಲ ನಿಮ್ಮ ಮುಂದೆ ಏಕೆ ಹೇಳಿದೆ? ಎದೆಯುರಿಯ ಮಾತ್ರೆಗಳ ಚರಿತ್ರೆ ಬಹಳ ಯಶಸ್ವಿಯಾದದ್ದು. 1976ರಲ್ಲಿ ಸಿಮೆಟಿಡಿನ್ ಬ್ರಿಟನ್ನಿನ ಮಾರುಕಟ್ಟೆಗೆ ಬಂತು, ಅದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಸಿಕ್ಕಿತು. ಅದೇ ವರ್ಷ ಸ್ವೀಡನ್ನಿನಲ್ಲಿ ಓಮೆಪ್ರಜೋಲ್ ಬಂತು. 2003ರಲ್ಲಿ ಅಮೆರಿಕದಲ್ಲಿ ಅದು ಚೀಟಿಯಿಲ್ಲದೆ ಅಂಗಡಿಯಲ್ಲೇ ಸಿಗತೊಡಗಿತು. ಊರಿಗೆ ಹೋಗಿಬರುವ ನಮ್ಮವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಮಾವಿನಮಿಡಿ ಉಪ್ಪಿನಕಾಯಿ, ಪಕ್ಕದಲ್ಲಿ ಪ್ಯಾಂಟೊಪ್ರಜೋಲ್ ಪಟ್ಟಿಗಳು ಇದ್ದೇ ಇರುತ್ತವೆ. ಮಾತ್ರೆಗಳ ಮೇಲೆ ನನಗೆ ಸಿಟ್ಟಿಲ್ಲ, ಎಷ್ಟೋ ಜನರ ಅನ್ನನಾಳವನ್ನು ಉಳಿಸಿವೆ. ಆದರೆ ಅವು ಬಾಯಿ ಇರುವ ಕಾಯಿಲೆಯನ್ನು ಸುಮ್ಮನಾಗಿಸುತ್ತವೆ. ಪಕ್ಕದಲ್ಲೇ ಬಾಯಿಲ್ಲದ ಕಾಯಿಲೆ ಇದ್ದರೆ, ಅದನ್ನು ಹುಡುಕಲು ಉಳಿದಿದ್ದ ಒಂದು ನೆಪವೂ ಹೋಗುತ್ತದೆ. ನನ್ನ ನಾಲ್ಕು ವರ್ಷ ಹೋದದ್ದು ಹಾಗೆಯೇ.

ಪ್ರಯೋಗಾಲಯದಲ್ಲಿ ನಾನು ಕಂಡ ನಮ್ಮ ದೇಶದ ದುಡಿಯುವ ಗಂಡಸರಲ್ಲಿ ಟ್ಯಾಕ್ಸಿ, ಲಾರಿ, ಬಸ್ ಓಡಿಸುವವರು ಬಹಳ. ಎದೆಯುರಿ ಎಷ್ಟು ಎಂದು ಕೇಳಿದರೆ ಧಾರಾಳವಾಗಿ ಹೇಳುತ್ತಿದ್ದರು. ಸ್ಟಿಯರಿಂಗ್ ಹಿಡಿದಾಗ ತೂಕಡಿಕೆ ಬರುತ್ತದೆಯೇ ಎಂದರೆ, "ಇಲ್ಲ ಸಾರ್" ಎಂದು ನೆಲ ನೋಡುತ್ತಿದ್ದರು. ಲೈಸೆನ್ಸ್ ಹೋದರೆ ಮನೆ ಕಂತು ಕಟ್ಟುವವರು ಯಾರು? ಅವರ ಭಯ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಇಲ್ಲಿಯ ನಿಯಮದಲ್ಲಿ, ಆಪ್ನಿಯಾ ಇದ್ದರೂ ಚಿಕಿತ್ಸೆ ಒಪ್ಪಿ, ಅದು ಫಲ ಕೊಟ್ಟು, ಕಾಲಕಾಲಕ್ಕೆ ವೈದ್ಯರಿಗೆ ತೋರಿಸಿಕೊಳ್ಳುತ್ತಿದ್ದರೆ, ಷರತ್ತಿನ ಮೇಲೆ ವಾಣಿಜ್ಯ ವಾಹನದ ಲೈಸೆನ್ಸ್ ಕೊಡಲು ಅವಕಾಶವಿದೆ. ಇನ್ನು ಸಾಕ್ಷಿಯ ಮಾತು. ಹೆಂಡತಿ ಊರಲ್ಲಿ, ಇವರು ಇಲ್ಲಿ. ಇಲ್ಲವೇ ಹೆಂಡತಿಗೆ ರಾತ್ರಿ ಪಾಳಿ, ಇವರಿಗೆ ಹಗಲು. ಕೊಲ್ಲಿ ರಾಷ್ಟ್ರಗಳ ಕ್ಯಾಂಪುಗಳಲ್ಲಾದರೆ ಒಂದೇ ಕೋಣೆಯಲ್ಲಿ ಆರೆಂಟು ಜನ, ಆದರೆ ಎಲ್ಲರೂ ದಣಿದು ಬಿದ್ದವರು, ಗೊರಕೆ ಕೇಳಿದರೆ ಚಪ್ಪಲಿ ಎಸೆಯುವವರು. ಆ ಚಪ್ಪಲಿ ಬೀಳುವುದೂ ಒಂದು ಬಗೆಯ ವೈದ್ಯಕೀಯ ವರದಿಯೇ. ಎಸೆಯುವವರಲ್ಲಿ ನನ್ನದೊಂದು ಬೇಡಿಕೆ: ಮರುದಿನ ಬೆಳಿಗ್ಗೆ ಆತನಿಗೆ, ನಡುನಡುವೆ ಉಸಿರು ನಿಲ್ಲುತ್ತದೋ ಇಲ್ಲವೋ ಎಂಬುದನ್ನೂ ಹೇಳಿಬಿಡಿ. ವೈದ್ಯರ ಬಳಿ ಹೋದಾಗ ಎದೆಯುರಿಯ ಜೊತೆಗೆ ಈ ಮಾತನ್ನೂ ಹೇಳಲಿ. ಅದನ್ನು ಅಲ್ಲಿ ಬೇರೆ ಯಾರೂ ಹೇಳಲಾರರು.

ತಿಪಟೂರಿನ ಗೆಳೆಯ ಈಗ ಊರಿನಲ್ಲೇ ತೋಟ ಮಾಡಿಕೊಂಡಿದ್ದಾನೆ. ಹೋದ ವರ್ಷ ಅವನ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದೆ. ಸಿಪ್ಯಾಪ್ ಯಂತ್ರ ಬಿಚ್ಚಿ, ಪ್ಲಗ್ ಎಲ್ಲಿದೆ ಎಂದು ಕೇಳಿದಾಗ ಅವನ ಹೆಂಡತಿ ಗಾಬರಿಯಾದರು. ಅವನು ನಕ್ಕು, "ಏನೂ ಇಲ್ಲ ಕಣೇ, ಅವನು ರಾತ್ರಿ ಸಾಯದೆ ಇರೋಕೆ" ಅಂದ. ಆಮೇಲೆ ದನಿ ತಗ್ಗಿಸಿ, ತನಗೂ ಈಚೆಗೆ ರಾತ್ರಿ ಹುಳಿತೇಗು ಎಂದ. ನಾನು ಅತ್ತಿಗೆಯ ಕಡೆ ತಿರುಗಿ, ಇವನು ಗೊರಕೆ ಹೊಡೀತಾನಾ ಎಂದು ಕೇಳಿದೆ.

ಪ್ರಶ್ನೆಗಳಿದ್ದರೆ ಕೇಳಿ. ಮಲಗಿದವರನ್ನು ಎಬ್ಬಿಸಬೇಡಿ, ಆದರೆ ಅವರ ಉಸಿರನ್ನು ಒಂದು ನಿಮಿಷ ಕೇಳಿಸಿಕೊಳ್ಳಿ.